ಆರು ತಲೆಯ ಹೊಲ

ಗೆಂಗ್‌ಲೌ ಹಳ್ಳಿ
ಸೆಪ್ಟೆಂಬರ್ 4, 1980

ಮಹಾಜನರೇ, ಮಾತೆಯರೇ, ಮುಂದಿನ ಸಾಲಿನಲ್ಲಿ ಕೂತು ಹಿಂದಿನವರಿಗೆ ಏನೂ ಕಾಣದಂತೆ ಮಾಡಿರುವ ಮಹನೀಯರೇ, ಮರ ಹತ್ತಿರುವ ಮರಿಗಳೇ, ಸಭೆ ಮುಗಿಯುವ ಮೊದಲೇ ಜಾರಿಕೊಳ್ಳಲು ಅಂಚಿನಲ್ಲಿ ನಿಂತಿರುವ ಜಾಣರೇ,

ತಟ್ಟಿದೆ ಬಿದಿರ ಚಿಟಿಕೆ, ಮುಚ್ಚಿರಿ ಹರಟೆಯ ಬಾಯಿ;
ಬೆಟ್ಟದ ಸುದ್ದಿ ಹೊತ್ತು ಬಂದಿದೆ ಎಲುಬೇ ಕಾಣದ ನಾಯಿ.

ಈ ಸಭೆಯಲ್ಲಿ ನೀನೊಬ್ಬಳೇ ಇರುವುದು ಸುಲಾನ್, ನನಗೆ ಗೊತ್ತು. ಆದರೆ ಮೂವತ್ತು ವರ್ಷ ಕಣದಲ್ಲಿ ನಿಂತು, ಚಿಟಿಕೆ ತಟ್ಟಿ, ಒಂದೇ ಹೊಲದಲ್ಲಿ ಒಟ್ಟಿಗೆ ದುಡಿಯುವ ತಂಡದ ನೂರೈವತ್ತು ಜನರಿಗೆ ಪದ ಹೇಳಿದವನಿಗೆ ಒಬ್ಬಳಿಗೇ ಮಾತಾಡುವ ಅಭ್ಯಾಸ ತಪ್ಪಿಹೋಗಿದೆ. ಸಹಿಸಿಕೋ.

ಮೊದಲು ಮನೆಯ ಸುದ್ದಿ. ನಿನ್ನ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಿಮ್ಮಮ್ಮ ಮನೆಗೆ ಬಂದು ಹಿಟ್ಟು ನಾದಲು ಕೂತಳು. ಆ ದಿನದ ಬನ್ನಿಗೆ ಉಪ್ಪು ಹಾಕಬೇಕಾಗಲಿಲ್ಲ. ನಿಮ್ಮಜ್ಜಿ ಮಾತ್ರ ಬಂದವರಿಗೆಲ್ಲ, ‘ಮೂರು ಹಳ್ಳಿಗೆ ಒಬ್ಬಳೇ ಪಾಸಾಗಿರೋದು, ಅದೂ ಹುಡುಗಿ, ಅದೂ ನನ್ನ ಮೂಗು ಇರೋ ಹುಡುಗಿ’ ಎಂದು ಹೇಳುತ್ತಿದ್ದಾಳೆ. ಪರೀಕ್ಷೆ ಬರೆದದ್ದು ಮೂಗೋ ಎಂದು ನಿಮ್ಮಣ್ಣ ಫುಗೆನ್ ಕೇಳಿ ಬೈಸಿಕೊಂಡ.

ಇನ್ನು ಬೆಟ್ಟದಷ್ಟು ದೊಡ್ಡ ಸುದ್ದಿ. ಕಾಲುವೆಯ ಆಚೆ ದಡದವರು ತಂಡದ ಹೊಲವನ್ನು ಮನೆಮನೆಗೆ ಹಂಚಿಕೊಂಡರಂತೆ. ತಲೆ ಎಣಿಸಿ, ಚೀಟಿ ಎತ್ತಿ. ಸರ್ಕಾರಕ್ಕೆ ಕೊಡುವ ಧಾನ್ಯ ಕೊಟ್ಟ ಮೇಲೆ ಉಳಿದದ್ದೆಲ್ಲ ಮನೆಯ ಕಣಜಕ್ಕೆ. ನಮ್ಮ ತಂಡದ ಮುಖ್ಯಸ್ಥ ಲೂ ಚಾಂಗ್‌ಹ ದಿನಕ್ಕೆ ಮೂರು ಸಲ ತಾನಾಗಿಯೇ ಬಂದು ‘ನಾನಂತೂ ಏನೂ ಕೇಳಿಲ್ಲಪ್ಪ’ ಎಂದು ಹೇಳಿ ಹೋಗುತ್ತಿದ್ದಾನೆ. ಏನೂ ಕೇಳದವನು ನಿನ್ನೆ ಬಡಗಿಯ ಹತ್ತಿರ ನಲವತ್ತು ಗೂಟ ಮಾಡಲು ಹೇಳಿದ.

ನಿನ್ನ ವರ್ಗಾವಣೆಯ ಕಾಗದ ನಾನೇ ಮಾಡಿಸಿ ಕಳಿಸುತ್ತೇನೆ ಎಂದಿದ್ದೆನಲ್ಲ, ಸುತ್ತಲ ಹಳ್ಳಿಗಳಿಗೆಲ್ಲ ಸೇರಿದ ಕಮ್ಯೂನ್ ಕಚೇರಿಯ ಗುಮಾಸ್ತ ತಾನ್, ತನ್ನ ಬಾಮೈದನ ಮದುವೆಗೆ ಹೋಗಿದ್ದಾನೆ. ಬಂದ ಕೂಡಲೇ ಮೊಹರು ಬೀಳುತ್ತದೆ. ನೀನು ಓದಿನ ಕಡೆ ಗಮನ ಇಡು.

ಸಭಾಧ್ಯಕ್ಷ, ಸಭಿಕ, ಚಪ್ಪಾಳೆಗಾರ, ಮೂರೂ ತಾನೇ ಆದ
ನಿನ್ನ ಅಪ್ಪ
ಗೆಂಗ್ ಶೌಲಿನ್


ಅಧ್ಯಾಪಕರ ಕಾಲೇಜು
ಸೆಪ್ಟೆಂಬರ್ 12

ಸಭಾಧ್ಯಕ್ಷರಾದ ಅಪ್ಪನಿಗೆ,

ಸಭಿಕಳ ಚಪ್ಪಾಳೆ. ಪಕ್ಕದ ಮಂಚದ ಶೆನ್ ಮಿನ್ ‘ಏನು ಒಬ್ಬಳೇ ನಗ್ತಿದೀಯ’ ಎಂದಳು. ನಿನ್ನ ಕಾಗದ ಓದಿ ಹೇಳಿದೆ. ಈಗ ಎಂಟು ಮಂಚದವರೂ ನಿನ್ನ ಸಭಿಕರು.

ಅಪ್ಪ, ಇಲ್ಲಿ ರಾತ್ರಿಯೂ ಓದುವಷ್ಟು ಬೆಳಕು. ರಸಾಯನಶಾಸ್ತ್ರದ ಕೋಣೆಯಲ್ಲಿ ಗಾಜಿನ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಮದುವೆ ಮನೆಯಲ್ಲಿ ಬಟ್ಟಲು ಜೋಡಿಸಿದ ಹಾಗೆ. ಮೊದಲ ದಿನವೇ ಒಂದನ್ನು ಒಡೆದೆ. ಮೇಷ್ಟ್ರು, ‘ಒಡೆಯದೇ ಇದ್ದವರು ಮುಟ್ಟಿಲ್ಲ ಅಂತ ಅರ್ಥ’ ಎಂದರು. ಇಂಥ ಮೇಷ್ಟ್ರು ಭೂಮಿಯ ಮೇಲೆ ಇದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಒಂದೇ ಒಂದು ಪರದಾಟ, ಆ ವರ್ಗಾವಣೆಯ ಕಾಗದದ್ದು. ಊರಿನ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ ಎಂಬ ಆ ಕಾಗದ ಬಾರದೆ ಇಲ್ಲಿಯ ಪಟ್ಟಿಗೆ ನನ್ನನ್ನು ಸೇರಿಸುವುದಿಲ್ಲ, ಸೇರಿಸದೆ ಪಡಿತರವಿಲ್ಲ, ಪಡಿತರವಿಲ್ಲದೆ ಊಟದ ಚೀಟಿಯಿಲ್ಲ. ಅಕ್ಟೋಬರ್ ಕೊನೆಯವರೆಗೆ ‘ತಾತ್ಕಾಲಿಕ’ ಎಂದು ಬರೆದುಕೊಂಡಿದ್ದಾರೆ. ಆಮೇಲೆ ಸೀಟು ಬೇರೆಯವರಿಗೆ. ಸದ್ಯಕ್ಕೆ ಶೆನ್ ಮಿನ್ ಮತ್ತು ಉಳಿದವರು ಸರದಿಯ ಮೇಲೆ ತಮ್ಮ ಚೀಟಿ ಕೊಡುತ್ತಿದ್ದಾರೆ. ದಿನಕ್ಕೊಬ್ಬಳು ನನ್ನಿಂದ ಅರೆಹೊಟ್ಟೆ. ಗುಮಾಸ್ತರ ಬಾಮೈದನಿಗೆ ನನ್ನ ಶುಭಾಶಯ ಹೇಳು, ಮದುವೆ ಬೇಗ ಮುಗಿಸಲಿ.

ಹೊಲ ನಿಜವಾಗಿಯೂ ಹಂಚುತ್ತಾರಾ? ಅಜ್ಜಿ ಏನು ಹೇಳಿದಳು? ಎಲ್ಲ ಬರಿ, ಒಂದೂ ಬಿಡದೆ ಬರಿ.

ನಿನ್ನ
ಸುಲಾನ್


ಗೆಂಗ್‌ಲೌ
ಸೆಪ್ಟೆಂಬರ್ 23

ಎಂಟು ಮಂಚದ ಮಹಾಸಭೆಗೆ ನಮಸ್ಕಾರ.

ಹಂಚುತ್ತಾರೆ ಸುಲಾನ್, ಹಂಚುತ್ತಾರೆ, ಹಂಚಿಯೇ ಹಂಚುತ್ತಾರೆ. ಲೂ ಮೊನ್ನೆ ಕಣದಲ್ಲಿ ಕಲ್ಲಿನ ಉರುಳೆಯ ಮೇಲೆ ಹತ್ತಿ ನಿಂತು, ತಾನೇನೂ ಕೇಳಿಲ್ಲ ಎಂದು ಕೊನೆಯ ಸಲ ಹೇಳಿ, ಈ ತಿಂಗಳ ಇಪ್ಪತ್ತೆಂಟಕ್ಕೆ ಚೀಟಿ ಎಂದ. ತಲೆಗೆ ಎರಡು ಮು. ಎರಡು ಮು ಎಂದರೆ ಒಂದು ಎಕರೆಯ ಮೂರನೇ ಒಂದು ಪಾಲು ಎಂದು ನಿನ್ನ ಪಟ್ಟಣದ ಗೆಳತಿಯರಿಗೆ ಹೇಳು. ಅಷ್ಟರಲ್ಲಿ ಒಬ್ಬ ಮನುಷ್ಯ ಬದುಕಬಹುದು, ಇಲಿಗೂ ಸ್ವಲ್ಪ ಉಳಿಯುತ್ತದೆ.

ಆಮೇಲೆ ಶುರುವಾಯಿತು ನೋಡು ತಲೆಯ ರಗಳೆ. ಯಾರು ತಲೆ, ಯಾರು ಅಲ್ಲ. ಸೈನ್ಯಕ್ಕೆ ಹೋದವರು ಲೆಕ್ಕಕ್ಕುಂಟು. ಮದುವೆಯಾಗಿ ಹೊರಟವರು ಲೆಕ್ಕಕ್ಕಿಲ್ಲ, ಮದುವೆಯಾಗಿ ಬಂದವರುಂಟು. ಚೀಟಿಯ ದಿನ ಉಸಿರಾಡುತ್ತಿದ್ದರೆ ಸಾಕು. ಇದನ್ನು ಕೇಳಿದ ದಿನದಿಂದ ಮುದುಕ ಚಾಂಗ್‌ನ ಮಕ್ಕಳು ಅಪ್ಪನನ್ನು ದಿನಾ ಕುರ್ಚಿಯಲ್ಲಿ ಹೊತ್ತು ತಂದು ಕಣದ ಬಿಸಿಲಿನಲ್ಲಿ ಕೂರಿಸಿ, ಹೋಗುವವರು ಬರುವವರ ಹತ್ತಿರವೆಲ್ಲ ‘ಅಪ್ಪ ಮಾತಾಡಿದರು, ಕೇಳಿದ್ರಾ’ ಎನ್ನುತ್ತಿದ್ದಾರೆ. ಮೂರು ವರ್ಷದಿಂದ ಆ ಮುದುಕನಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಅವನು ಎಂಬತ್ತೆಂಟರ ವಯಸ್ಸಿನಲ್ಲಿ ಕೆಂಪಗಾಗುತ್ತಿದ್ದಾನೆ.

ಆಮೇಲೆ ಹೊಟ್ಟೆಗಳು. ತಂಡದಲ್ಲಿ ಮೂರು ಬಸುರಿಯರು. ನಿಮ್ಮತ್ತಿಗೆಗೆ ಐದು ತಿಂಗಳು. ಸೋಯಾ ಹಾಲು ಹೆಪ್ಪು ಹಾಕಿ ತೋಫು ಮಾಡುವ ಹಾವ್ ಮನೆಯ ಸೊಸೆಗೆ ಒಂಬತ್ತು ತುಂಬಿದೆ. ಮೂರನೆಯದು ಸ್ವತಃ ಲೂನ ಹೆಂಡತಿ, ನಲವತ್ಮೂರನೇ ವಯಸ್ಸಿನಲ್ಲಿ. ಅದು ಆ ಸಭೆಯಲ್ಲಿಯೇ ಬಯಲಾದದ್ದು, ಲೂಗೂ ಅಲ್ಲಿಯೇ ಗೊತ್ತಾದ ಹಾಗಿತ್ತು. ತೋಫು ಹಾವ್‌ನ ಹೆಂಡತಿ ಸೊಸೆಯನ್ನು ಮುಂದಕ್ಕೆ ತಳ್ಳಿ ನಿಲ್ಲಿಸಿದಳು.

‘ಒಳಗೆ ಇರೋದು ತಲೆ ಅಲ್ದೆ ಇನ್ನೇನು, ಕುಂಬಳಕಾಯಾ?’

‘ಹೊರಗೆ ಬಂದು ಅತ್ರೆ ತಲೆ ಅತ್ತಿಗಮ್ಮ. ಒಳಗೆ ಒದ್ರೆ ಅಲ್ಲ,’ ಎಂದ ಲೂ.

‘ಹಂಗಾದ್ರೆ ನಿನ್ನ ಹೆಂಡ್ತಿ ಹೊಟ್ಟೇಲಿ ಇರೋದು ಗಾಳಿ ಅನ್ನು, ನಾನು ಸುಮ್ನಾಗ್ತೀನಿ.’

ಲೂ ಕಲ್ಲಿನಿಂದ ಇಳಿದ. ತೀರ್ಮಾನ ಮುಂದಿನ ಸಭೆಗೆ.

ಗುಮಾಸ್ತ ತಾನ್ ಮದುವೆಯಿಂದ ಬಂದ. ಆದರೆ ಕಚೇರಿಯ ಮರದ ಮೊಹರು ಬಿರುಕು ಬಿಟ್ಟು ಕೆತ್ತುವವನ ಹತ್ತಿರ ಹೋಗಿದೆಯಂತೆ. ಹೊಸದು ಬರುವ ತನಕ ಇಡೀ ಕಮ್ಯೂನಿನಲ್ಲಿ ಯಾರೂ ಮದುವೆಯಾಗುವಂತಿಲ್ಲ, ಊರು ಬಿಡುವಂತಿಲ್ಲ. ನಿನ್ನ ಗೆಳತಿಯರ ಋಣ ಈ ಮನೆಯ ಮೇಲಿದೆ ಎಂದು ಅವರಿಗೆ ಹೇಳು.

ಅವಸರದಲ್ಲಿ,
ನಿನ್ನ ಅಪ್ಪ


ಗೆಂಗ್‌ಲೌ
ಸೆಪ್ಟೆಂಬರ್ 29

ಸುಲಾನ್,

ನಿನ್ನ ಉತ್ತರಕ್ಕೆ ಕಾಯಲು ತಾಳ್ಮೆಯಿಲ್ಲ. ಅಕ್ಷರ ಓಡುತ್ತಿದೆ, ನೀನೇ ಹಿಡಿದು ಓದಿಕೋ.

ನೆಲ ಬಂತು.

ನಿನ್ನೆ ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಇಡೀ ಊರು ಕಣದಲ್ಲಿತ್ತು. ಕೆಲಸದ ಗಂಟೆ ಹೊಡೆದು ಹೊಡೆದು ಕೈ ಸೋತರೂ ಒಂಬತ್ತಕ್ಕೆ ಮೊದಲು ಹೊಲಕ್ಕೆ ಬಾರದ ಜನ ಇವರೇ. ಹೊಲವನ್ನು ಮೂರು ದರ್ಜೆ ಮಾಡಿದ್ದರು. ಪ್ರತಿ ಮನೆಗೂ ಮೂರರಲ್ಲೂ ಪಾಲು, ಯಾವ ಗೂಟದಿಂದ ಯಾವ ಗೂಟಕ್ಕೆ ಎಂಬುದು ಚೀಟಿ. ಚೀಟಿ ಉಂಡೆಗಳನ್ನು ಲೂ ತನ್ನ ಮನೆಯ ಮುಖ ತೊಳೆಯುವ ಬೋಗುಣಿಯಲ್ಲಿ ಹಾಕಿ, ಮೇಲೆ ಟೋಪಿ ಮುಚ್ಚಿ ತಂದ. ಮುದುಕ ಚಾಂಗ್ ಹಂದಿಗೂಡಿನ ಅಟ್ಟದಿಂದ ಹಳೆಯ ಅಳತೆಗೋಲು ತೆಗೆಸಿದ. ಕಾಲಗಲಿಸಿ ನಿಂತ ಮನುಷ್ಯನಂತಿದೆ ಅದು. ಐವತ್ತೊಂದನೇ ಇಸವಿಯಲ್ಲಿ ನಮಗೆ ಮೊದಲು ನೆಲ ಕೊಟ್ಟಾಗ ಅಳೆದದ್ದು ಅದರಲ್ಲೇ. ಐದು ವರ್ಷ ಮಾತ್ರ ನಮ್ಮ ಕೈಯಲ್ಲಿತ್ತು ಆ ಒಂಬತ್ತು ಮು.

ಯಾರು ಚೀಟಿ ಎತ್ತುವುದು ಎಂದು ನಮ್ಮ ಮನೆಯಲ್ಲಿ ಎರಡು ದಿನ ಜಗಳ. ನಿಮ್ಮಮ್ಮ ಫುಗೆನ್ ಎಂದಳು, ಅವನು ತನ್ನ ಹೆಂಡತಿ ಎಂದ, ಹೆಂಡತಿ ಹೊಟ್ಟೆ ತೋರಿಸಿದಳು. ಕೊನೆಗೆ ಅಜ್ಜಿ ಕೋಲು ಊರಿಕೊಂಡು ಎದ್ದು, ‘ನನ್ನ ಕೈ ಎಂಬತ್ತು ವರ್ಷದಿಂದ ಖಾಲಿ ಐತೆ. ಅದಕ್ಕೆ ಹಸಿವು ಜಾಸ್ತಿ, ಅದೇ ಹುಡುಕಿ ತರ್ತದೆ’ ಎಂದಳು. ಎತ್ತಿದಳು. ಮೊದಲ ದರ್ಜೆಯಲ್ಲಿ ಮೂರನೇ ಗೂಟ. ಕಾಲುವೆಯ ಅಂಚು ಸುಲಾನ್! ಹಿಡಿ ಮಣ್ಣು ಹಿಸುಕಿದರೆ ಹಿಟ್ಟಿನ ಹಾಗೆ ಬೆರಳ ಗುರುತು ನಿಲ್ಲುತ್ತದಲ್ಲ, ಅದೇ. ಮೂರೂ ಹೊಲದ ಕಥೆ ಇಂತಿದೆ:

ಒಂದನೆ ಹೊಲವು ಕಾಲುವೆ ಅಂಚು, ನೀರಿಗೆ ಬರವಿಲ್ಲ;
ಎರಡನೆ ಹೊಲವು ಗೋರಿಯ ಹಿಂದೆ, ದೆವ್ವಕೆ ಕರವಿಲ್ಲ;
ಮೂರನೆ ಹೊಲವು ಉಪ್ಪಿನ ಮಣ್ಣು, ಬೆಳೆದರೆ ಬೆಳೆಯಲಿ ಬಿಡು,
ಊಟಕೆ ಕೂತರೆ ಉಪ್ಪೇ ಬೇಡ, ಅದನೇ ಬೇಯಿಸಿ ಕೊಡು.

ಲೂ ಗಟ್ಟಿಯಾಗಿ ಕೂಗಿದ: ‘ಗೆಂಗ್ ಶೌಲಿನ್ ಮನೆ, ಆರು ತಲೆ, ಹನ್ನೆರಡು ಮು.’ ಚಾಂಗ್‌ನ ಮಗ ಅಳತೆಗೋಲನ್ನು ತಿರುಗಿಸಿ ತಿರುಗಿಸಿ ಹಾಕುತ್ತಾ ಹೋದ, ಹಿಂದೆ ಸುಣ್ಣ ಸುರಿಯುತ್ತಾ ಫುಗೆನ್. ಬಿಳಿಯ ಗೆರೆ ಕೊನೆ ಮುಟ್ಟಿದಾಗ ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಇದೇ ಹೊಲದಲ್ಲಿ ಇಪ್ಪತ್ತನಾಲ್ಕು ವರ್ಷ ತಂಡದ ಆಳಾಗಿ ದುಡಿದಿದ್ದೇನೆ. ಮಣ್ಣು ತಣ್ಣಗಿರುತ್ತದೆ ಎಂದು ನಿನ್ನೆಯೇ ಗೊತ್ತಾದದ್ದು.

ಅಜ್ಜಿ ಮನೆಯಿಂದ ಮಣೆ ತರಿಸಿ ಹೊಲದ ನಡುವೆ ಹಾಕಿಕೊಂಡು ಕೂತಳು. ಮಧ್ಯಾಹ್ನಕ್ಕೆ ಏಳಲಿಲ್ಲ, ಊಟ ಅಲ್ಲಿಗೇ ಹೋಯಿತು. ನಾನು ಕರೆಯಲು ಹೋದೆ.

‘ಶೌಲಿನ್,’ ಎಂದಳು, ‘ಈ ಸಲ ಪದ ಕಟ್ಟಿ ವಾಪಸ್ ಕೊಟ್ಟುಬಿಡಬ್ಯಾಡ.’

ಅವಳು ಹೇಳಿದ್ದು ಐವತ್ತಾರನೇ ಇಸವಿಯದು. ಎಲ್ಲರ ಹೊಲವೂ ಒಂದೇ ಆಗಬೇಕು ಎಂದಾಗ ಈ ಊರಿನಲ್ಲಿ ಮೊದಲು ಕೈಯೆತ್ತಿದವನು ನಾನು. ವೇದಿಕೆ ಹತ್ತಿ, ಚಿಟಿಕೆ ತಟ್ಟಿ, ಪ್ರಾಸ ಸೇರಿಸಿ ಒಂಬತ್ತು ಮುವಿನ ಪತ್ರವನ್ನು ಕೊಟ್ಟುಬಿಟ್ಟೆ. ಪದ ಚೆನ್ನಾಗಿತ್ತು. ಚಪ್ಪಾಳೆ ಜೋರಾಗಿ ಬಿತ್ತು, ಆ ಸದ್ದಿನಲ್ಲಿ ಹೊಲ ಹೋಯಿತು. ನಾಲ್ಕೈದು ವರ್ಷ ಕಳೆದ ಮೇಲೆ ಬಂದ ಹಸಿವಿನ ದಿನಗಳನ್ನು ಕಾಗದದಲ್ಲಿ ಬರೆಯಲಾಗುವುದಿಲ್ಲ.

ಇರಲಿ. ಎತ್ತಿನ ವಿಚಾರ ಮರೆತೆ. ನಾಲ್ಕು ಮನೆಗೆ ಒಂದು ಎತ್ತು ಬಂದಿದೆ, ಮನೆಗೊಂದು ಕಾಲು. ನಮ್ಮದು ಹಿಂದಿನ ಎಡಗಾಲು.

ಮೇವಿನ ಹೊತ್ತಿಗೆ ಯಾರೂ ಇಲ್ಲ, ಬಾಗಿಲಿಗೆಲ್ಲ ಬೀಗ;
ಸಗಣಿ ಬಿದ್ದರೆ ಬುಟ್ಟಿಯ ಹಿಡಿದು ನಾಲ್ಕೂ ಮನೆಗೆ ವೇಗ.

ಕಾಗದ ಬರುತ್ತದೆ. ಯೋಚಿಸಬೇಡ.

ಎತ್ತಿನ ಹಿಂದಿನ ಎಡಗಾಲಿನ ಒಡೆಯ,
ನಿನ್ನ ಅಪ್ಪ


ಅಧ್ಯಾಪಕರ ಕಾಲೇಜು
ಅಕ್ಟೋಬರ್ 6

ಎಡಗಾಲಿನ ಒಡೆಯರಿಗೆ,

ಅಪ್ಪ, ನಾನು ಕುಣಿದುಬಿಟ್ಟೆ. ನಿಜವಾಗಿ. ಮಂಚದ ಮೇಲೆ ನಿಂತು ಮೂರನೇ ಗೂಟ, ಮೂರನೇ ಗೂಟ ಎಂದು ಕಿರುಚಿದೆ. ಕೆಳಗಿನ ಮಂಚದವಳು ಯಾರಿಗೋ ಹುಚ್ಚು ಹಿಡಿಯಿತು ಎಂದುಕೊಂಡು ಓಡಿಹೋಗಿ ಮೇಲ್ವಿಚಾರಕಿಯನ್ನು ಕರೆತಂದಳು. ಮೇಲ್ವಿಚಾರಕಿಯ ಅಪ್ಪನೂ ರೈತನಂತೆ. ‘ಕಾಲುವೆ ಅಂಚಾ?’ ಎಂದು ಕೇಳಿ, ಬೈಯದೆ ಹೋದಳು.

ಅಜ್ಜಿ ಮಣೆ ಹಾಕಿಕೊಂಡು ಕೂತದ್ದನ್ನು ಎಷ್ಟು ಸಲ ಓದಿದೆನೋ. ಅವಳು ಏನು ಉಂಡಳು ಎಂದು ನೀನು ಬರೆದಿಲ್ಲ. ಬರಿ.

ಉಪ್ಪು ಮಣ್ಣಿನ ಹೊಲದಿಂದ ಒಂದು ಹಿಡಿ ಕಳಿಸು. ನಮ್ಮ ಮೇಷ್ಟ್ರಿಗೆ ಹೇಳಿದೆ. ಅವರು ಗಾಜಿನ ಕೊಳವೆಯಲ್ಲಿ ಹಾಕಿ ಪರೀಕ್ಷೆ ಮಾಡೋಣ, ಅಂಥ ಮಣ್ಣಿಗೂ ಮದ್ದಿದೆ ಎಂದರು. ಇಷ್ಟು ದಿನ ಅದನ್ನು ನಾವು ಬೈದಿದ್ದೇವೆ, ಮದ್ದು ಯಾರೂ ಕೇಳಿಲ್ಲ.

ಒಂದು ಚಿಕ್ಕ ಲೆಕ್ಕ ಅಪ್ಪ. ಅಜ್ಜಿ, ನೀನು, ಅಮ್ಮ, ಅಣ್ಣ, ಅತ್ತಿಗೆ. ನನಗೆ ಐದು ಸಿಗುತ್ತಿದೆ. ಊರಿನ ಪಟ್ಟಿಯಿಂದ ಹೋದವರಿಗೆ ಪಾಲಿಲ್ಲ ಎಂದು ಶೆನ್ ಮಿನ್‌ಳ ಊರಿನಲ್ಲಿ ಹೇಳಿದರಂತೆ, ಅವಳ ಮನೆಯಲ್ಲಿ ಒಂದು ತಲೆ ಕಡಿಮೆ ಹಿಡಿದರಂತೆ. ನಮ್ಮದು ಆರು ಹೇಗಾಯಿತು?

ಮೊಹರು ಕೆತ್ತಿ ಆಯಿತಾ? ಕಚೇರಿಯ ಹೆಂಗಸು ನಿನ್ನೆ ನನ್ನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಮುಂದಿನ ಸಲ ಶಾಯಿಯಂತೆ.

ನಿನ್ನ
ಸುಲಾನ್


ಗೆಂಗ್‌ಲೌ
ಅಕ್ಟೋಬರ್ 11

ಗಾಜಿನ ಕೊಳವೆಯ ಗಣ್ಯರೇ,

ಅಜ್ಜಿ ಉಂಡದ್ದು ಗೆಣಸಿನ ಹಿಟ್ಟಿನ ಕಪ್ಪು ಬನ್ನು ಎರಡು, ಉಪ್ಪು ಹಾಕಿದ ಮೂಲಂಗಿ ಒಂದು ತುಂಡು. ಉಂಡು, ‘ಇದು ಕೊನೇ ವರ್ಷ ಈ ಕಪ್ಪಗಿರೋದನ್ನ ತಿನ್ನೋದು’ ಎಂದು ಹೊಲಕ್ಕೆ ಹೇಳಿದಳು, ನನಗಲ್ಲ.

ಗೋದಿ ಬಿತ್ತಿ ಮುಗಿಯಿತು. ಎತ್ತು ನಮ್ಮ ಪಾಲಿಗೆ ನಾಲ್ಕು ದಿನಕ್ಕೊಮ್ಮೆ. ನಮ್ಮ ದಿನ ಬರುವವರೆಗೆ ಹದ ಕಾಯುವುದಿಲ್ಲವಲ್ಲ, ಕೂರಿಗೆಯನ್ನು ನಾನೂ ಫುಗೆನ್ನೂ ಎಳೆದೆವು, ನಿಮ್ಮಮ್ಮ ಹಿಂದೆ ಹಿಡಿದಳು. ಐವತ್ತೆರಡು ವರ್ಷದವನು ಎತ್ತಾಗಿ ಎರಡು ದಿನ ದುಡಿದೆ. ನಿಮ್ಮಮ್ಮ ಮೂವತ್ತು ವರ್ಷದಿಂದ ಹೇಳಬೇಕೆಂದುಕೊಂಡಿದ್ದನ್ನೆಲ್ಲ ಹಿಂದಿನಿಂದ ಹೇಳಿ ಮುಗಿಸಿದಳು. ‘ನೇರ ನಡಿ, ನೇರ. ಪದ ಹೇಳೋ ಬಾಯಿಗೆ ಇರೋ ಚುರುಕು ಕಾಲಿಗಿಲ್ಲ.’ ಆದರೂ ಸಾಲುಗಳು ನೇರವಾಗಿವೆ. ಊರಿನವರೆಲ್ಲ ಅವರವರ ಹೊಲದಲ್ಲಿ. ಕೆಲಸದ ಗಂಟೆ ಹೊಡೆಯುವವನೂ ಗಂಟೆ ಬಿಟ್ಟು ತನ್ನ ಹೊಲದಲ್ಲಿ. ತೋಫು ಹಾವ್‌ನ ಸೊಸೆ ಚೀಟಿಯ ಮೂರು ದಿನದ ನಂತರ ಹೆತ್ತಳು. ಅತ್ತೆ ಈಗ ಮಗುವಿಗೆ ‘ಸೋಮಾರಿ’ ಎಂದು ಹೆಸರಿಟ್ಟು ಕರೆಯುತ್ತಿದ್ದಾಳೆ.

ಮಣ್ಣನ್ನು ಹೊಗೆಸೊಪ್ಪಿನ ಡಬ್ಬಿಯಲ್ಲಿ ಹಾಕಿ ಬಟ್ಟೆ ಹೊಲಿದು ಬೇರೆ ಕಳಿಸಿದ್ದೇನೆ. ಅಂಚೆಯವನು ಏನಿದು ಎಂದ. ನೆಲ ಎಂದೆ. ತೂಗಿ ತೆಗೆದುಕೊಂಡ.

ಆರು ಹೇಗೆ ಎಂದು ಕೇಳಿದ್ದೀಯ. ಅತ್ತಿಗೆಯ ಹೊಟ್ಟೆಯನ್ನು ಒಂದು ತಲೆ ಎಂದು ಹಿಡಿದರು. ಇನ್ನು ಕಾಗದ: ಮೊಹರು ಬಂದಿದೆ, ಆದರೆ ಮೇಲಿನ ಹಳ್ಳಿಯಲ್ಲಿ ಮಳೆಯಾಗಿ ಕಮ್ಯೂನಿನ ದಾರಿಯ ಮರದ ಸೇತುವೆ ಅಲ್ಲಾಡುತ್ತಿದೆ. ನೀರು ಇಳಿದ ಮೇಲೆ ಹೋಗುತ್ತೇನೆ.

ಗೋದಿಯ ಧ್ಯಾನದಲ್ಲಿ,
ಅಪ್ಪ


ಅಧ್ಯಾಪಕರ ಕಾಲೇಜು
ಅಕ್ಟೋಬರ್ 18

ಅಪ್ಪನಿಗೆ,

ಮಣ್ಣು ಬಂತು. ಕಾಗದ ಬರಲಿಲ್ಲ.

ಮಣ್ಣಿನ ಸುದ್ದಿ ಮೊದಲು, ಅದು ಒಳ್ಳೆಯದು. ಮೇಷ್ಟ್ರು ಇಡೀ ತರಗತಿಯ ಮುಂದೆ ಪರೀಕ್ಷೆ ಮಾಡಿದರು. ನಮ್ಮ ಹೊಲದ ಮಣ್ಣು ಕಲಸಿದ ನೀರಿಗೆ ಅದ್ದಿದ ಪರೀಕ್ಷೆಯ ಕಾಗದದ ಚೂರು ನೀಲಿಯಾಯಿತು. ಎಲ್ಲರೂ ಬಗ್ಗಿ ನೋಡಿದರು, ನನಗೆ ಯಾಕೋ ಹೆಮ್ಮೆಯಾಯಿತು. ಮದ್ದು ಏನು ಗೊತ್ತಾ? ತೋಫು ಹೆಪ್ಪು ಹಾಕಲು ಹಾವ್ ಮನೆಯವರು ಬೆರೆಸುತ್ತಾರಲ್ಲ, ಆ ಬಿಳಿಯ ಜಿಪ್ಸಂ ಪುಡಿ. ಅದನ್ನು ಚೆಲ್ಲಿ, ಕೆಳಗೆ ಕಾಲುವೆ ತೋಡಿ, ನೀರು ಹಾಯಿಸಿ ತೊಳೆಯಬೇಕು. ಮೂರು ವರ್ಷ. ನಾಲ್ಕನೇ ವರ್ಷ ಹತ್ತಿ ಬರುತ್ತದೆ. ಅಳತೆಯೆಲ್ಲ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಅಣ್ಣನಿಗೆ ಕೊಡು.

ಇನ್ನೊಂದು ವಿಚಾರ. ನಿನ್ನೆ ಕಚೇರಿಗೆ ಕರೆಸಿದರು. ಇನ್ನೂ ನಾಲ್ಕು ಹಳ್ಳಿಗಳಿಂದ ಬಂದವರಿದ್ದಾರೆ, ಎಲ್ಲರ ಕಾಗದವೂ ಸೆಪ್ಟೆಂಬರಿನಲ್ಲೇ ಬಂದಿದೆ. ಇಬ್ಬರು ನಮ್ಮ ಕಮ್ಯೂನಿನವರೇ. ಅವರ ಕಾಗದದ ಮೇಲೆ ಗುಮಾಸ್ತ ತಾನ್ ಅವರ ಸಹಿ, ಸೆಪ್ಟೆಂಬರ್ ಹದಿನೈದು ಮತ್ತು ಹದಿನೇಳು. ಮೊಹರು ಸ್ಪಷ್ಟವಾಗಿದೆ, ಬಿರುಕಿಲ್ಲ. ಹಾಗಾದರೆ ಆತ ನಿನ್ನನ್ನು ಮಾತ್ರ ಸತಾಯಿಸುತ್ತಿದ್ದಾನೆ, ಏನೋ ಬಯಸುತ್ತಿದ್ದಾನೆ ಎಂದು ಕಚೇರಿಯ ಹೆಂಗಸಿಗೆ ಸಿಟ್ಟು ಬಂದಿದೆ. ಕಾಲೇಜಿನ ಕಡೆಯಿಂದ ಮೇಲಿನವರಿಗೆ ದೂರು ಬರೆದಿದ್ದಾಳೆ. ನಾನು ಸಹಿ ಹಾಕಿದರೆ ಹೋಗುತ್ತದೆ. ಆತನ ಕೆಲಸ ಹೋಗಬಹುದು ಎಂದಳು.

ಆತ ನನ್ನನ್ನು ಚಿಕ್ಕವಳಿದ್ದಾಗ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟಿದ್ದು ನೆನಪಿದೆ. ಅಂಗಾಲು ಮಂಜಿಗೆ ಒಡೆದಿತ್ತು ನನಗೆ.

ಇಪ್ಪತ್ತೇಳನೇ ತಾರೀಖು ಸಹಿ ಹಾಕುತ್ತೇನೆ ಎಂದು ಹೇಳಿದ್ದೇನೆ. ಅಷ್ಟರೊಳಗೆ ನೀನು ಹೇಳುವುದೇನಾದರೂ ಇದ್ದರೆ ಹೇಳು ಅಪ್ಪ.

ಅತ್ತಿಗೆಗೂ ಬೇರೆ ಬರೆದಿದ್ದೆ, ಹೊಟ್ಟೆಯಲ್ಲಿರುವಾಗಲೇ ಎರಡು ಮು ಗಳಿಸಿದ ಮಗುವಿಗೆ ಅಭಿನಂದನೆ ಎಂದು. ಅವಳ ಉತ್ತರ ಇವತ್ತು ಬಂತು. ಬೇರೆಯವರಿಂದ ಬರೆಸಿದ್ದಾಳೆ. ಅದರಲ್ಲಿ ಹೊಟ್ಟೆಯ ಸುದ್ದಿಯೆಲ್ಲ ಇದೆ, ಎರಡು ಮುವಿನ ಮಾತಿಲ್ಲ.

ಗೋದಿ ಮೊಳೆಯಿತಾ?

ಸುಲಾನ್


ಗೆಂಗ್‌ಲೌ
ಅಕ್ಟೋಬರ್ 24

ಮಹಾಜನರೇ, ಮಾತೆಯರೇ, ಮಂಚ ಮಂಚದ ಮಾನಿನಿಯರೇ,

ಮೊಳೆಯಿತು! ನೆಲ ಒಡೆದು ಸೂಜಿಯಷ್ಟು ಸೂಜಿಯಷ್ಟು ಹಸಿರು. ಬೆಳಿಗ್ಗೆ ಬಗ್ಗಿ ನೋಡಿದರೆ ಪ್ರತಿಯೊಂದರ ತುದಿಗೂ ಇಬ್ಬನಿಯ ಒಂದೊಂದು ಹನಿ. ನಿಮ್ಮಜ್ಜಿ ಮಣೆ ಒಯ್ದು ಒಯ್ದು ಹೊಲಕ್ಕೆ ಒಂದು ದಾರಿಯೇ ಬಿದ್ದಿದೆ. ಬಿತ್ತಿದ್ದು ಅಪ್ಪ, ಎಳೆದದ್ದು ಮಗ, ಬೈದದ್ದು ಅಮ್ಮ, ಕಾಯುವುದು ಅಜ್ಜಿ. ಇದಕ್ಕೊಂದು ಪದ ಕಟ್ಟಿದ್ದೇನೆ, ಕೇಳಿರಿ:

ಹನ್ನೆರಡು ಮುವಿನಲಿ ಹಸಿರಾಡಿತು ಪೈರು,
ಇನ್ನಾರು ತಿಂಗಳಿಗೆ

ಬರುವುದಿಲ್ಲ ಸುಲಾನ್. ಬೆಳಗಿನಿಂದ ಈ ಸಾಲಿನ ಮುಂದೆ ಕೂತಿದ್ದೇನೆ. ಮುಂದಿನದು ಬರುವುದಿಲ್ಲ.

ಸಹಿ ಹಾಕಬೇಡ. ಗುಮಾಸ್ತ ತಾನ್ ಏನೂ ಮಾಡಿಲ್ಲ. ಆತ ಯಾರ ಮದುವೆಗೂ ಹೋಗಿರಲಿಲ್ಲ, ಮೊಹರಿಗೆ ಏನೂ ಆಗಿರಲಿಲ್ಲ, ಸೇತುವೆ ಗಟ್ಟಿಯಾಗಿದೆ. ನೀನು ಬಸ್ಸು ಹತ್ತುವ ಮೊದಲೇ, ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಆತ ಎರಡು ಕಾಗದ ಬರೆದು, ಮೊಹರು ಹಾಕಿ, ನನ್ನ ಕೈಯಲ್ಲಿಟ್ಟು ‘ಒಂದು ಮಗಳ ಕಾಲೇಜಿಗೆ, ಇನ್ನೊಂದು ತಂಡದ ಮುಖ್ಯಸ್ಥರಿಗೆ, ಅವರು ಪಟ್ಟಿಯಿಂದ ಹೆಸರು ತೆಗೀತಾರೆ. ನಮ್ಮ ಕಮ್ಯೂನಿಗೇ ಮರ್ಯಾದೆ ತಂದಳು ಶೌಲಿನಣ್ಣ’ ಎಂದ. ಚಹಾ ಕೊಟ್ಟ. ಆ ದಿನವೇ ಕಾಲುವೆಯ ಆಚೆಯವರು ತಲೆ ಎಣಿಸುತ್ತಿದ್ದಾರೆ ಎಂದು ದಾರಿಯಲ್ಲಿ ಕೇಳಿದೆ. ಮನೆಗೆ ಬಂದು ಎರಡನ್ನೂ ಜೋಳದ ಮಡಕೆಯಲ್ಲಿ ಹುಗಿದಿಟ್ಟೆ. ನಿಮ್ಮಮ್ಮನಿಗೂ ಹೇಳಲಿಲ್ಲ. ಚೀಟಿ ಮುಗಿದ ಮಾರನೇ ದಿನ ನಿನ್ನದನ್ನು ಕಳಿಸಿಬಿಡೋಣ ಎಂದುಕೊಂಡಿದ್ದೆ. ಆದರೆ ನಿನ್ನ ಹೆಸರು ಅಲ್ಲಿಯ ಪಟ್ಟಿಗೆ ಸೇರಿದ ಸುದ್ದಿ ಇಲ್ಲಿಗೆ ಬಂದರೆ ಲೂ ಗೂಟ ಕಿತ್ತು ಹಿಂದಕ್ಕೆ ಹಾಕುತ್ತಾನೆ ಎಂಬ ಭಯ. ಬಿತ್ತನೆ ಮುಗಿಯಲಿ ಎಂದುಕೊಂಡೆ. ಆಮೇಲೆ ಮೊಳೆಯಲಿ ಎಂದುಕೊಂಡೆ.

ಹೊಟ್ಟೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆರನೆಯದು ನಿನ್ನ ತಲೆ.

ನಿನಗಿಂತ ಮೊದಲು ಹುಟ್ಟಿದವಳೊಬ್ಬಳಿದ್ದಳು, ಹಸಿವಿಗೆ ಹೋದಳು. ಅವಳ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅರವತ್ತನೇ ಇಸವಿಯಲ್ಲಿ ನಮ್ಮ ಕೈಯಲ್ಲಿ ಆ ಒಂಬತ್ತು ಮು ಇದ್ದಿದ್ದರೆ ಎಂದು ಇಪ್ಪತ್ತು ವರ್ಷದಿಂದ ಅಂದುಕೊಂಡಿದ್ದೇನೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಎರಡು ಮುವಿಗಾಗಿ ಮತ್ತೊಬ್ಬಳನ್ನು ಬೇರೆಯವರ ಪಾಲಿನ ಬನ್ನಿಗೆ ಕೈಯೊಡ್ಡುವ ಹಾಗೆ ಮಾಡಿದ ಮೇಲೆ ನೆಪ ಎಲ್ಲಿಂದ ತರಲಿ.

ನಿನ್ನ ಕಾಗದವನ್ನು ಇದರ ಜೊತೆಗೇ ಫುಗೆನ್ ತರುತ್ತಿದ್ದಾನೆ. ಅಂಚೆಗೆ ಹಾಕಲಿಲ್ಲ. ನನ್ನನ್ನು ನಾನು ನಂಬಲಿಲ್ಲ. ಇನ್ನೊಂದನ್ನು ಈಗ ಲೂ ಕೈಗೆ ಕೊಟ್ಟು ಬಂದೆ. ಅವನು ತಾರೀಖು ಓದಿದ. ನನ್ನ ಮುಖ ನೋಡಿದ. ಮತ್ತೆ ತಾರೀಖು ಓದಿದ.

‘ಶೌಲಿನಣ್ಣ, ಗೋದಿ ಮೊಳೆತಿದೆಯಲ್ಲ,’ ಎಂದ.

‘ಮೊಳೀಲಿ,’ ಎಂದೆ.

ನಾಳೆ ಕಾಲುವೆಯ ಅಂಚಿನ ಗೂಟ ಕಿತ್ತು ನಿನ್ನ ಪಾಲಿನಷ್ಟು ಹಿಂದಕ್ಕೆ ಹಾಕುತ್ತಾರೆ. ಇನ್ನುಳಿದ ಎರಡು ಹೊಲಗಳಲ್ಲೂ. ನಿಮ್ಮಜ್ಜಿ ಯಾಕೆ ಎಂದು ಕೇಳುತ್ತಾಳೆ. ನಾನೇ ಹೇಳುತ್ತೇನೆ, ಪ್ರಾಸವಿಲ್ಲದೆ.

ಆಗಸ್ಟ್ ಇಪ್ಪತ್ತೊಂಬತ್ತರಿಂದ ಇವತ್ತಿಗೆ ಐವತ್ತಾರು ದಿನ. ಆ ಐವತ್ತಾರು ದಿನವೂ ನನಗೆ ನಿನಗಿಂತ ನೆಲ ಹೆಚ್ಚಾಗಿತ್ತು.

ಅಪ್ಪ